ನೂರಜಾನಬಿಯ ಅಂಗಳದ ದೊಡ್ಡ ಡಿಶ್

ನೂರಜಾನಬಿಗೆ ಸೊಸೆಯ ಬಗ್ಗೆ ಎಷ್ಟು ಹೆಮ್ಮೆ ಎಂಬುದು ತಾವರಗೇರಾದ ಆ ಓಣಿಗೆಲ್ಲ ಗೊತ್ತಿತ್ತು. ಆ ಹೆಮ್ಮೆ ಕುಷ್ಟಗಿಯವರೆಗೆ ಹೋಗಿ ಪಂದ್ಯವಾಗಿ ತಿರುಗಿದ್ದು ಮಾತ್ರ ತಂಗಿಯ ಮೊಮ್ಮಗಳ ಮದುವೆಯ ದಿನ.

ಕುಷ್ಟಗಿಯ ಶಾದಿಮಹಲಿನಲ್ಲಿ ಊಟ ಮುಗಿದಿತ್ತು. ಹಿರಿಯರು ಹೊರಗೆ ಕುರ್ಚಿ ಹಾಕಿಕೊಂಡು ಎಲೆಗೆ ಸುಣ್ಣ ಸವರುತ್ತಿದ್ದರು. ಆಗ ಮೈದುನ ಜಿಲಾನಸಾಬ ಅಂಗಡಿಯ ಮಾತು ತೆಗೆದ. ಅಂಗಡಿ ಎಂದರೆ ನೂರಜಾನಬಿಯ ಗಂಡ, ಈಗ ತೀರಿಹೋಗಿರುವ ಹುಸೇನಬಾಷಾ, ತಾವರಗೇರಾದ ಬಜಾರದಲ್ಲಿ ನಡೆಸುತ್ತಿದ್ದ ರೇಡಿಯೋ, ಟಿವಿ ದುರಸ್ತಿಯ ಅಂಗಡಿ. ಜಾಗ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಹುಸೇನಬಾಷಾ ಹೋದ ಮೇಲೆ ಅದರ ಬಾಗಿಲು ತೆರೆದಿರಲಿಲ್ಲ.

"ಮೊಬೈಲ್ ಕವರ್ ಮಾರೋ ಹುಡುಗ ಒಬ್ಬ ಬಾಡಿಗಿಗೆ ಕೇಳಾಕತ್ಯಾನ ಭಾಭಿ. ಕೊಟ್ಟಬಿಡೂಣು," ಎಂದ ಜಿಲಾನಸಾಬ.

"ಯಾಕ? ನಮ್ಮ ಮುಬಾಶಿರಾ ಕುಂದರ್ತಾಳಲ್ಲ."

ಮುಬಾಶಿರಾ, ಮಗ ನಜೀಬನ ಹೆಂಡತಿ, ಕೊಪ್ಪಳದ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು. ಮದುವೆಯಾಗಿ ಬಂದ ಮೇಲೆ, ಮಾವ ಸಂಜೆ ಮನೆಗೆ ಹೊತ್ತು ತರುತ್ತಿದ್ದ ಕೆಲಸಕ್ಕೆ ಪಕ್ಕದಲ್ಲಿ ಕುಳಿತು ಕೈಜೋಡಿಸುತ್ತಿದ್ದಳು. ಈಗ ಕಟ್ಟೆಯ ಮೇಲೆ ಕುಳಿತು ಓಣಿಯವರ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಫ್ಯಾನು ಸರಿಮಾಡಿ ಕೊಡುತ್ತಿದ್ದಳು. ಟಿವಿಯನ್ನು ಮಾತ್ರ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ.

"ಮನ್ಯಾಗ ಕುಂತು ಮಿಕ್ಸರ್ ಬಿಚ್ಚೂದು ಬ್ಯಾರೆ ಭಾಭಿ, ಬಜಾರದಾಗ ಕುಂದ್ರೂದು ಬ್ಯಾರೆ. ಹೆಣ್ಮಗಳ ಕೈಯಾಗ ಟಿವಿ ಕೊಡಾಕ ಮಂದಿ ನಂಬಬೇಕಲ್ಲ."

ಅದೇ ಸಾಲಿನಲ್ಲಿ ಕಾಶಿನಾಥ ಕುಳಿತಿದ್ದ. ಒಂದು ಕಾಲದಲ್ಲಿ ತಾವರಗೇರಾಕ್ಕೆಲ್ಲ ಕೇಬಲ್ ಕೊಟ್ಟವನು, ಈಗ ಕಿರಾಣಿ ಅಂಗಡಿ ಇಟ್ಟವನು. ಅವನನ್ನು ಕಂಡದ್ದೇ ನೂರಜಾನಬಿಯ ನಾಲಿಗೆಗೆ ಬಲ ಬಂತು.

"ನಂಬೂದೇನು? ಕಾಶಿನಾಥಪ್ಪನ ಮಾಳಗಿ ಮ್ಯಾಲೆ ಆ ದೊಡ್ಡ ಡಿಶ್ ಐತಲ್ಲ, ವರ್ಷಾನುಗಟ್ಟಲೆ ಬಾಯಿ ಮುಚಗೊಂಡು ಕುಂತೈತಿ. ನನ್ನ ಸೊಸಿ ಅದರ ಬಾಯಿ ಬಿಡಸ್ತಾಳ. ನೋಡಕೋತ ಇರು."

ಕಾಶಿನಾಥ ನಕ್ಕ. "ಅದರ ಬಾಯಿ ಆಮ್ಯಾಲೆ ಬಿಡಸ್ರಿ. ಮೊದಲ ನನ್ನ ಮಾಳಗಿ ಬಿಡಸ್ರಿ. ಮ್ಯಾಲೆ ಎರಡ ಖೋಲಿ ಕಟ್ಟಬೇಕಂತ ಕುಂತೀನಿ, ಗುಜರಿಯವ ಇಂದ ಬರ್ತೀನಿ ನಾಳಿ ಬರ್ತೀನಿ ಅಂತ ಬರವಲ್ಲ. ತಗೊಂಡ ಹೋಗ್ರಿ, ಪುಣ್ಯ ಬರ್ತೈತಿ."

ಜಿಲಾನಸಾಬ ಎಲೆಯನ್ನು ದವಡೆಗೆ ಒತ್ತಿಕೊಂಡು ಯೋಚಿಸಿದ. "ಆತು ಭಾಭಿ. ಆ ಡಿಶ್‌ನ್ಯಾಗ ಅಕಿ ಚಿತ್ರ ತಂದ್ರ ಅಂಗಡಿ ಅಕಿದು. ತರಲಿಲ್ಲಂದ್ರ ನೀ ಚಕಾರ ಎತ್ತಬಾರದು, ಕವರಿನ ಹುಡುಗಗ ಕೊಡೂದು."

"ಆತು," ಎಂದಳು ನೂರಜಾನಬಿ. ಒಳಗೆ ಮಕ್ಕಳಿಗೆ ಉಣಿಸುತ್ತಿದ್ದ ಮುಬಾಶಿರಾಗೆ ಇದೊಂದೂ ಗೊತ್ತಿರಲಿಲ್ಲ.

ಊರಿಗೆ ಹಿಂತಿರುಗುವಾಗ ನಜೀಬನ ಸರಕಿನ ಆಟೋದ ಹಿಂಭಾಗದಲ್ಲಿ ಜಮಖಾನೆ ಹಾಸಿಕೊಂಡು ಅತ್ತೆ ಸೊಸೆ ಕುಳಿತಿದ್ದರು. ನೂರಜಾನಬಿ ಸ್ವಲ್ಪ ಸ್ವಲ್ಪವಾಗಿ ವಿಷಯ ಹೇಳಿದಳು. ಮುಬಾಶಿರಾ ಹಿಂದೆ ಸರಿಯುವ ರಸ್ತೆಯನ್ನು ನೋಡುತ್ತ ಹೇಳಿದಳು.

"ಅಮ್ಮಿ, ಅಷ್ಟ ದೊಡ್ಡ ಡಿಶ್ ನಾ ಒಮ್ಮಿನೂ ಮುಟ್ಟಿ ನೋಡಿಲ್ಲ."

"ಮುಟ್ಟಿದ್ರ ಆತಲ್ಲ."

ಮುಂದೆ ಹ್ಯಾಂಡಲ್ ಹಿಡಿದಿದ್ದ ನಜೀಬ ತಿರುಗದೆಯೇ ಹೇಳಿದ, "ಮುಬಾ, ಡಿಶ್ ಆಮ್ಯಾಲೆ. ಮೊದಲ ಅಮ್ಮಿ ಬಾಯಿಗೊಂದ ರಿಮೋಟ ಮಾಡಿಕೊಡ."

ಮುಬಾಶಿರಾ ನಕ್ಕಳು. ಆ ನಗು ಕೇಳಿದ ಮೇಲೆಯೇ ನೂರಜಾನಬಿಗೆ ಉಸಿರು ಸರಾಗವಾಗಿ ಆಡಿತು. ಆದರೂ ಎದೆಯಲ್ಲಿ ಒಂದು ಮುಳ್ಳು ಉಳಿಯಿತು. ಮಾತು ಆಡಿದ್ದು ತಾನು, ಸೋತರೆ ಹೆಸರು ಹೋಗುವುದು ಸೊಸೆಯದು.

ಕಾಶಿನಾಥನ ಮಾಳಿಗೆಯ ಮೇಲೆ ಆ ಡಿಶ್ ರಾಕ್ಷಸನ ಮನೆಯ ಜರಡಿಯಂತೆ ಆಕಾಶಕ್ಕೆ ಮುಖ ಮಾಡಿ ಕುಳಿತಿತ್ತು. ಹತ್ತು ಅಡಿ ಅಗಲ, ಕಪ್ಪು ಜಾಲರಿ, ಹೂವಿನ ಎಸಳಿನಂತೆ ಒಂದಕ್ಕೊಂದು ಜೋಡಿಸಿದ ಪಾಲುಗಳು. ಪಾರಿವಾಳಗಳು ಅದನ್ನು ಬೆಳ್ಳಗೆ ಮಾಡಿದ್ದವು. ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದ ಮೈಗೇ ಅಂಟಿಹೋಗಿದ್ದವು.

"ಮನಿಮನಿಗೆ ಸಣ್ಣ ಡಿಶ್ ಐತಿ, ಇದ್ಯಾಕ ಬೇಕ ಇಷ್ಟ ದೊಡ್ಡದು?" ಎಂದು ನೂರಜಾನಬಿ ಅಲ್ಲೇ ನಿಂತು ಕೇಳಿದಳು. ಪಂದ್ಯ ಕಟ್ಟಿದ ಮೇಲೆ ಕೇಳುತ್ತಿದ್ದೇನೆ ಎಂದು ಅವಳಿಗೇ ನಾಚಿಕೆಯಾಯಿತು.

"ಸಣ್ಣ ಡಿಶ್‌ಗೆ ಬರೂದು ಜೋರ ಮಳಿ ಅಮ್ಮಿ, ಬಟ್ಟಲ ಹಿಡದ್ರೂ ತುಂಬತೈತಿ. ಇದಕ್ಕ ಬರೂದು ಜಿಬುರ ಮಳಿ. ದೂರ ದೂರದ ದೇಶದ್ದು. ಅಗಲ ಬೋಗುಣಿ ಇಟ್ರ ಮಾತ್ರ ನಾಕ ಹನಿ ಕೂಡತಾವು."

ಮೊದಲ ದಿನ ಬೋಲ್ಟುಗಳಿಗೆ ಸೀಮೆಎಣ್ಣೆ ಸುರಿದು ಬಂದರು. ಮರುದಿನ ಮುಬಾಶಿರಾ ಪಾನಾ ಹಿಡಿದು ಒಂದೊಂದನ್ನೇ ಬಿಚ್ಚಲು ಕುಳಿತಳು. ಬಿಸಿಲು ಏರಿತು. ಕಾಶಿನಾಥನ ಹೆಂಡತಿ ವಿಜಯಲಕ್ಷ್ಮಿ ಮೇಲೆ ಬಂದು, ಮಾತಿಲ್ಲದೆ ಛತ್ರಿ ಬಿಚ್ಚಿ ಮುಬಾಶಿರಾಳ ತಲೆಯ ಮೇಲೆ ಹಿಡಿದಳು. ಮುಬಾಶಿರಾ ಡಿಶ್ಶಿನ ಸುತ್ತ ಸರಿದ ಹಾಗೆ ಛತ್ರಿಯೂ ಸರಿಯಿತು. ಮಧ್ಯಾಹ್ನದ ತನಕ ಆ ಹೆಂಗಸು ಕೈ ಬದಲಿಸುತ್ತ ನಿಂತದ್ದನ್ನು ಮುಬಾಶಿರಾ ಗಮನಿಸಿದಳೋ ಇಲ್ಲವೋ, ನೂರಜಾನಬಿ ಗಮನಿಸಿದಳು.

ಕೆಳಗಿಳಿಯುವಾಗ ವಿಜಯಲಕ್ಷ್ಮಿ ಒಂದು ಸ್ಟೀಲಿನ ಡಬ್ಬಿ ತಂದು ಕೊಟ್ಟಳು. ಒಳಗೆ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ್ದ, ಮುಷ್ಟಿಗಿಂತ ದೊಡ್ಡದಾದ ಒಂದು ಲೋಹದ ಕೊಳವೆ. ಡಿಶ್ಶಿನ ನಡುವೆ ನಿಂತು, ಕೂಡಿದ ಹನಿಯನ್ನೆಲ್ಲ ಕುಡಿದು ತಂತಿಗೆ ದಾಟಿಸುವ ತುಂಡು ಅದು.

"ಇವರು ಇದನ್ನೂ ಗುಜರಿಗೆ ಹಾಕಾಕ ಹೊಂಟಿದ್ರು. ಒಂದ್ ಕಾಲಕ್ಕ ನಮ್ಮ ಹೊಟ್ಟಿ ತುಂಬಿಸಿದ್ದ ಇದು, ಹೆಂಗ ಒಗೀಲಿ ಅಂತ ಎತ್ತಿ ಇಟ್ಟಿದ್ದೆ. ನಿನಗ ಉಪಯೋಗ ಆಗ್ತೈತೇನ ನೋಡವ್ವ."

ಮುಬಾಶಿರಾ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಇದಿಲ್ಲಂದ್ರ ಉಳದದ್ದೆಲ್ಲ ಬರೇ ಜಾಲರಿ ಆಗ್ತಿತ್ತರಿ," ಎಂದಳು.

ಬಿಚ್ಚಿದ ಎಸಳುಗಳು ಮತ್ತೆ ಅದೇ ಜಾಗಕ್ಕೆ ಕೂಡಬೇಕು, ಒಂದು ಅದಲುಬದಲಾದರೂ ತೂತುಗಳು ಎದುರಾಗುವುದಿಲ್ಲ. ಅದಕ್ಕೆ ಮುಬಾಶಿರಾ ಪ್ರತಿ ಕೂಡುವಿಕೆಯ ಎರಡೂ ಬದಿಗೆ ಒಂದೇ ಬಣ್ಣದ ಚಿಂದಿ ಕಟ್ಟಿದಳು: ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ಟೇಲರನ ಅಂಗಡಿಯಿಂದ ಚಿಂದಿ ಆರಿಸಿ ತಂದವಳು ನೂರಜಾನಬಿ. ನಜೀಬನ ಆಟೋ ಎಸಳು ಹೇರಿಕೊಂಡು ಓಣಿಗೆ ಬಂದಾಗ ಆ ಚಿಂದಿಗಳೆಲ್ಲ ಗಾಳಿಗೆ ಪಟಪಟ ಹಾರುತ್ತಿದ್ದವು. ಎದುರುಮನೆಯ ದುರುಗವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಯಾವ ದರ್ಗಾಕ್ಕ ಹೊಂಟೈತಿ ಸವಾರಿ, ನೂರಜಾನಕ್ಕ?"

"ನಮ್ಮ ಮನಿಗೇ. ಹರಕಿ ಸಕ್ಕರಿ ಓದಸಾಕ ಬಾ."

"ಬರ್ತೀನಿ. ಮೊದಲ ಅದು ಬೇಡಿದ್ದು ಕೊಡತೈತೇನ ನೋಡೂಣು."

ಮನೆಯ ಮೇಲ್ಛಾವಣಿ ಮಣ್ಣಿನದು. ಅದರ ಮೇಲೆ ಅಷ್ಟು ಭಾರ ನಿಲ್ಲದು. ಹಾಗಾಗಿ ಅಂಗಳದಲ್ಲೇ ಕಂಬ ನಿಲ್ಲಿಸಬೇಕಾಯಿತು. ಎಲ್ಲಿ ಎಂದು ಮುಬಾಶಿರಾ ಕೇಳಿದಾಗ ನೂರಜಾನಬಿ ತಡಮಾಡದೆ ಅಂಗಳದ ಮೂಲೆಯ ಎತ್ತರದ ಜಾಗ ತೋರಿಸಿದಳು. "ಇಲ್ಲಿ ಒಂದ್ ಹನಿ ನೀರ ನಿಲ್ಲೂದಿಲ್ಲ. ಎಂಥಾ ಮಳಿ ಆದ್ರೂ ಇದೊಂದ ಜಾಗ ಒಣಾ ಇರ್ತೈತಿ." ಬೇವಿನ ನೆರಳೂ ಅಲ್ಲಿಗೆ ಬೀಳುತ್ತಿರಲಿಲ್ಲ. ದಕ್ಷಿಣದ ಆಕಾಶ ಪೂರ್ತಿ ತೆರೆದಿತ್ತು.

ನಜೀಬ ಅಗೆದ. ಮೊಣಕಾಲುದ್ದ ಹೋಗುವಷ್ಟರಲ್ಲಿ ಹಾರೆ ಠಣ್ಣೆಂದಿತು. ಕೆಳಗೆ ಚಪ್ಪಟೆ ಕಲ್ಲು.

"ಬಂಡಿ ಹತ್ತಿತು ನೋಡು," ಎಂದ ನಜೀಬ ಖುಷಿಯಿಂದ. "ಇದಕ್ಕಿಂತ ಗಟ್ಟಿ ಪಾಯಾ ಎಲ್ಲಿ ಸಿಗಬೇಕು?"

ಆ ಬಂಡೆಯ ಮೇಲೆ ಪೈಪು ನಿಲ್ಲಿಸಿ ಕಾಂಕ್ರೀಟು ಸುರಿದರು. ಅದು ಗಟ್ಟಿಯಾಗುವವರೆಗೆ ಮುಬಾಶಿರಾ ಜಾಲರಿ ತೊಳೆದು, ಹೊಸ ಬೋಲ್ಟು ತಂದು, ಸೊಟ್ಟಗಾದ ಎಸಳೊಂದನ್ನು ತೊಡೆಯ ಮೇಲಿಟ್ಟು ಮರದ ಸುತ್ತಿಗೆಯಿಂದ ನೇರ ಮಾಡಿದಳು. ಆಮೇಲೆ ಚಿಂದಿ ನೋಡಿ ಎಸಳು ಕೂಡಿಸಿದರು. ಕೆಂಪಿಗೆ ಕೆಂಪು ಸೇರಿತು. ಅಂಗಳದ ಮೂಲೆಯಲ್ಲಿ ಕಪ್ಪು ಹೂವೊಂದು ಅರಳಿ ನಿಂತಿತು. ನೂರಜಾನಬಿ ಅದನ್ನು ನೋಡಲೆಂದೇ ಸುಮ್ಮನೆ ಅಂಗಳಕ್ಕೆ ಬರತೊಡಗಿದಳು, ಕೈಯಲ್ಲಿ ಕಸಬರಿಗೆ ಹಿಡಿದು, ಏನೋ ಕೆಲಸ ಇದ್ದವಳ ಹಾಗೆ.

ಚಿತ್ರ ಮಾತ್ರ ಬರಲಿಲ್ಲ. ಮೊದಲ ದಿನ ಟಿವಿಯ ಪರದೆಯಲ್ಲಿ ಸಿಗ್ನಲ್ಲಿನ ಅಂಕಿ ಮೇಲೇರಿ ಆಸೆ ಹುಟ್ಟಿಸಿ, ಸಂಜೆಗೆ ಇಳಿಯಿತು. ಮರುದಿನ ಮತ್ತೆ ಕೂಡಿಸಿದಳು, ಮತ್ತೆ ಇಳಿಯಿತು. ಮುಬಾಶಿರಾ ತಂತಿ ಬದಲಿಸಿದಳು. ಕೊಳವೆಯನ್ನು ಬಿಚ್ಚಿ ಒರೆಸಿ ಕೂಡಿಸಿದಳು. ಉಣ್ಣಲು ಕುಳಿತಾಗಲೂ ಅವಳ ಕಣ್ಣು ಅಂಗಳದಲ್ಲೇ ಇತ್ತು. ತನ್ನ ಕೈಯಲ್ಲೇ ಏನೋ ತಪ್ಪಿದೆ ಎಂದುಕೊಂಡು ಅವಳು ಸಣ್ಣಗಾಗುವುದನ್ನು ನೂರಜಾನಬಿ ನೋಡುತ್ತಿದ್ದಳು.

ಮೂರನೆಯ ಮಧ್ಯಾಹ್ನ ಜಿಲಾನಸಾಬ ಚಹಾದ ಹೊತ್ತಿಗೆ ಬಂದ. ಡಿಶ್ಶಿನ ಸುತ್ತ ಒಂದು ಸುತ್ತು ಹಾಕಿ, ತಲೆ ಓರೆ ಮಾಡಿ ನೋಡಿದ.

"ಭಾಭಿ, ಅಕಿದೇನ ತಪ್ಪಿಲ್ಲ. ಭಾಳ ಕಷ್ಟ ಬಿದ್ದಾಳ. ಆದ್ರ ಇದು ಅಕಿ ಕೈಗೆ ಬಗ್ಗೂ ಕೆಲಸ ಅಲ್ಲ. ಕವರಿನ ಹುಡುಗ ಮತ್ತ ಫೋನ್ ಮಾಡಿದ್ದ."

ಮುಬಾಶಿರಾ ಗೋಡೆ ಕಟ್ಟುವ ಗೌಂಡಿಯಿಂದ ಕೇಳಿ ತಂದಿದ್ದ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಪೈಪಿನ ಪಕ್ಕ ಇಳಿಬಿಟ್ಟಿದ್ದಳು. ದಾರ ನೆಟ್ಟಗಿತ್ತು. ಪೈಪು ಅದನ್ನು ಬಿಟ್ಟು ಒಂದು ಬೆರಳು ದೂರ ವಾಲಿತ್ತು.

"ಡಿಶ್ ಸರಿ ಐತಿ ಅಮ್ಮಿ. ಕಂಬ ವಾಲಾಕತ್ತೈತಿ. ದಿನಾ ಒಂದೀಟ ಒಂದೀಟ." ಅವಳು ಹಾರೆಯ ತಲೆಯಿಂದ ನೆಲವನ್ನು ಕುಟ್ಟಿದಳು. ಕಲ್ಲಿನ ಮೇಲೆ ಕುಟ್ಟಿದ ಸದ್ದಲ್ಲ, ಬಾಯಿ ಮುಚ್ಚಿದ ಕೊಡದ ಸದ್ದು ಬಂತು.

ಆ ಸದ್ದು ನೂರಜಾನಬಿಯ ಅಂಗಾಲಿನಿಂದ ಏರಿ ಬಂದು ಎದೆಯಲ್ಲಿ ನಿಂತಿತು. ಹಗೇವು. ಅತ್ತೆಯ ಕಾಲದ ಜೋಳದ ಹಗೇವು, ನೆಲದೊಳಗಿನ ಕಣಜ. ತಾನು ಹೊಸ ಸೊಸೆಯಾಗಿ ಬಂದಾಗ ಅದರ ಬಾಯಿಯಲ್ಲಿ ಕುಳಿತು ಜೋಳ ಎಳೆದುಕೊಂಡಿದ್ದಳು. ಚೀಲದಲ್ಲಿ ಕಾಳು ಇಡುವ ರೂಢಿ ಬಂದ ಮೇಲೆ ಅದರ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಎಳೆದು, ಮರೆತೇಬಿಟ್ಟಿದ್ದರು. ಆ ಜಾಗದಲ್ಲಿ ನೀರು ಏಕೆ ನಿಲ್ಲುವುದಿಲ್ಲವೆಂದರೆ, ನೀರು ನಿಲ್ಲದ ಜಾಗ ಹುಡುಕಿಯೇ ಹಿಂದಿನವರು ಹಗೇವು ತೆಗೆದಿದ್ದರು. ನಜೀಬ ಬಂಡೆ ಎಂದುಕೊಂಡದ್ದು ಅದರ ಮುಚ್ಚಳ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೊಸೆಗೆ ಕೆಲಸ ಬಗ್ಗಲಿಲ್ಲ ಎಂದಷ್ಟೇ ಮಾತು ಉಳಿಯುತ್ತಿತ್ತು. ನೂರಜಾನಬಿ ಸೆರಗು ಸರಿಮಾಡಿಕೊಂಡು ಅಂಗಳದ ನಡುವೆ ಬಂದು, ಎದುರುಮನೆಗೂ ಕೇಳುವ ಹಾಗೆ ಹೇಳಿದಳು.

"ಜಿಲಾನಿ, ತಪ್ಪು ನಂದು. ಹಗೇವಿನ ಬಾಯಿ ಮ್ಯಾಲೆ ಕಂಬ ನಿಲ್ಲಸರಿ ಅಂತ ತೋರಿಸಿದಾಕಿ ನಾನು. ಮುಚ್ಚಳ ಒಡದು ಕುಸಿಯಾಕತ್ತೈತಿ. ನನ್ನ ಸೊಸಿ ಕೆಲಸ ನೆಟ್ಟಗ ಐತಿ, ನನ್ನ ನೆನಪ ನೆಟ್ಟಗಿಲ್ಲ."

ಜಿಲಾನಸಾಬ ಚಹಾದ ಬಟ್ಟಲು ಕೆಳಗಿಟ್ಟ. ಅವನು ಹುಟ್ಟಿದ್ದೂ ಅದೇ ಮನೆಯಲ್ಲಿ.

"ಹಗೇವು," ಎಂದ ಮೆಲ್ಲಗೆ. "ಸೊಂಟಕ್ಕ ಹಗ್ಗ ಕಟ್ಟಿ ನನ್ನ ಇಳಸ್ತಿದ್ರಲ್ಲ ಭಾಭಿ, ಸಣ್ಣಾವಿದ್ದಾಗ. ಒಳಗ ನಿಂತು ಪುಟ್ಟಿ ತುಂಬಿ ಕೊಡ್ತಿದ್ದೆ. ನನಗೂ ನೆನಪಾಗ್ಲಿಲ್ಲ ನೋಡ."

"ನಿನಗ ಎಲೆ ಅಡಿಕಿ ನೆನಪ ಇದ್ರ ಸಾಕು," ಎಂದಳು ನೂರಜಾನಬಿ. ಅವನು ನಕ್ಕ.

ಡಿಶ್ಶನ್ನು ಮತ್ತೆ ಬಿಚ್ಚಿ, ಕಾಂಕ್ರೀಟು ಒಡೆದು, ಸೀಳಿದ ಮುಚ್ಚಳ ಎತ್ತಿದರು. ಕೆಳಗೆ ಕತ್ತಲೆ. ನಜೀಬ ಇಣುಕಲು ಹೋದಾಗ ಜಿಲಾನಸಾಬ ಅವನ ಅಂಗಿ ಹಿಡಿದು ಎಳೆದ.

"ಹಿಂದ ಸರಿ. ಹಗೇವಿನ ಗಾಳಿ ಕೆಟ್ಟದು. ಒಂದ್ ದಿನ ಬಾಯಿ ತಗದ ಬಿಡಬೇಕು. ಆಮ್ಯಾಲೆ ಕಂದೀಲ ಇಳಿಬಿಟ್ಟು, ಆರದ ಉರದ್ರ ಮಾತ್ರ ಮನಷ್ಯಾ ಇಳೀಬೇಕು."

ಮರುದಿನ ಕಂದೀಲು ಆರದೆ ಉರಿಯಿತು. ಅದರ ಬೆಳಕಿನಲ್ಲಿ ಹಗೇವು ಕಂಡಿತು: ಕಿರಿದಾದ ಕೊರಳು, ಕೆಳಗೆ ಕೊಡದಂತೆ ಉಬ್ಬಿದ ಹೊಟ್ಟೆ. ಮುಚ್ಚಿ ಬೇರೆ ಜಾಗ ನೋಡೋಣ ಎಂದ ನಜೀಬ. ಮುಬಾಶಿರಾ ಹಗೇವಿನ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ಒಳಗೆ ನೋಡಿದಳು.

"ಬ್ಯಾಡ. ಇದರಾಗ ನಿಲ್ಲಸೂಣು. ಪೈಪಿಗೆ ಮತ್ತೊಂದ ತುಂಡ ಬೆಸದು ತಳಕ್ಕ ಮುಟ್ಟಸೂಣು. ಹೊಟ್ಟಿ ತುಂಬ ಕಲ್ಲು ಕಾಂಕ್ರೀಟ ತುಂಬಿದ್ರ, ಕೊಳ್ಳ ಸಣ್ಣದ ಐತಿ, ಎಂಥಾ ಗಾಳಿ ಬಂದ್ರೂ ಕಿತಗೊಂಡ ಬರಾಕ ಆಗೂದಿಲ್ಲ."

ಮರುದಿನ ಮುಂಜಾನೆ ಜಿಲಾನಸಾಬ ತಾನಾಗಿಯೇ ಕುರ್ಚಿ ತಂದು ಅಂಗಳದಲ್ಲಿ ಹಾಕಿಕೊಂಡು ಕುಳಿತ.

ಕಾಶಿನಾಥ ತನ್ನ ಮಾಳಿಗೆಯ ಒಡೆದ ಗೋಡೆಯ ಕಲ್ಲು ಕೊಟ್ಟ. ನಜೀಬನ ಆಟೋ ಅದನ್ನು ಓಣಿಯ ಬಾಯಿಯವರೆಗೆ ತಂದು ಸುರಿಯಿತು. ಒಳಗೆ ಬರಲು ಒಂದು ಮನೆಯ ಕಟ್ಟೆ ಅಡ್ಡ. ಸಂಜೆ ಗಂಗಾವತಿ ಕಡೆಯ ಗದ್ದೆಗಳಲ್ಲಿ ನಾಟಿ ಮಾಡಿ ಟಂಟಂನಲ್ಲಿ ಬಂದಿಳಿದ ದುರುಗವ್ವ ಆ ಗುಡ್ಡೆ ನೋಡಿ ನಿಂತಳು. ಮೊಣಕಾಲತನಕ ಕೆಸರು ಒಣಗಿತ್ತು. ಜೊತೆಯ ಹೆಂಗಸರತ್ತ ತಿರುಗಿ, "ಹೆಂಗೂ ಮನಿಗೇ ಹೊಂಟೀವಿ, ಬರಿ ತಲಿಲೆ ಯಾಕ ಹೋಗೂದು?" ಎಂದು ಸಿಂಬಿ ಸುತ್ತಿ ಒಂದು ಕಲ್ಲು ಹೊತ್ತಳು. ಉಳಿದವರೂ ಹೊತ್ತರು. ದಿನವಿಡೀ ಬಗ್ಗಿದ ಬೆನ್ನುಗಳು ಕಲ್ಲು ಹೊತ್ತು ಸಾಲಾಗಿ ಬರುವುದನ್ನು ಕಂಡು ನೂರಜಾನಬಿ ಒಳಗೆ ಓಡಿ ಚಹಾಕ್ಕೆ ದೊಡ್ಡ ಪಾತ್ರೆಯನ್ನೇ ಇಟ್ಟಳು.

"ಸಕ್ಕರಿ ಜಾಸ್ತಿ ಹಾಕ," ಎಂದು ದುರುಗವ್ವ ಹೊರಗಿನಿಂದ ಹೇಳಿದಳು. "ನಿನ್ನ ಡಿಶ್ ಅಂತೂ ಏನೂ ಕೊಡಲಿಲ್ಲ, ನೀನರ ಕೊಡ."

ಹಗೇವಿನ ಹೊಟ್ಟೆ ತುಂಬಿ, ಕಾಂಕ್ರೀಟು ಕಚ್ಚಿ, ಕಂಬ ನಿಂತಿತು. ಮುಬಾಶಿರಾ ತೂಕದ ಗುಂಡು ಇಳಿಬಿಟ್ಟಳು. ದಾರಕ್ಕೂ ಪೈಪಿಗೂ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೂ ಇರಲಿಲ್ಲ. ಮತ್ತೆ ಎಸಳುಗಳು ಕೂಡಿದವು.

ಆ ಭಾನುವಾರ ಸಂಜೆ ಟಿವಿಯನ್ನು ಕಟ್ಟೆಗೆ ತಂದಿಟ್ಟರು. ಓಣಿಯ ಹೆಂಗಸರು ಬಂದು ಕುಳಿತರು. ಮುಬಾಶಿರಾ ಡಿಶ್ಶಿನ ಹಿಂದೆ ಪಾನಾ ಹಿಡಿದು ನಿಂತಳು. ಅಲ್ಲಿಂದ ಅವಳಿಗೆ ಪರದೆ ಕಾಣದು, ಅಂಕಿ ಓದಿ ಹೇಳುವವರು ಬೇಕು. ನಜೀಬ ಮುಂದೆ ಬಂದಾಗ ಅವಳು, "ನೀವಲ್ಲ, ಅಮ್ಮಿ ಹೇಳ್ಲಿ," ಎಂದಳು.

ನೂರಜಾನಬಿ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗುವ ಹಾಗೆ ಕುಳಿತಳು. "ಸೊನ್ನಿ," ಎಂದಳು. ಮುಬಾಶಿರಾ ಡಿಶ್ಶನ್ನು ಕೂದಲೆಳೆಯಷ್ಟು ಸರಿಸಿದಳು. "ಸೊನ್ನಿ... ಸೊನ್ನೀನ ಐತಿ... ಹನ್ನೆರಡು." ಓಣಿಯ ಹೆಂಗಸರು ಮುಂದೆ ಬಗ್ಗಿದರು. "ಇಪ್ಪತ್ತು. ಹದಿನೆಂಟು, ಹಿಂದಕ್ಕ ತಗೀ ಬೇಟಿ. ಇಪ್ಪತ್ತೈದು. ನಲವತ್ತು." ಅವಳು ಒಂದು ಕೈ ಮೇಲೆತ್ತಿದಳು. "ಅರವತ್ತೆರಡು. ಅಲ್ಲೇ ಇರ್ಲಿ. ಮುಟ್ಟಬ್ಯಾಡ."

ಕಪ್ಪು ಪರದೆ ಒಮ್ಮೆ ಮಿಣುಕಿ ಹಸಿರಾಯಿತು.

ಯಾವ ದೇಶವೋ, ಯಾವ ಭಾಷೆಯೋ. ನೀರು ನಿಂತ ಗದ್ದೆ. ಮೊನಚು ಟೋಪಿ ಹಾಕಿಕೊಂಡ ಹೆಂಗಸರು ಸಾಲಾಗಿ ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ಒಬ್ಬಳು ಏನೋ ಹೇಳಿದಳು, ಉಳಿದವರು ಬಗ್ಗಿದಲ್ಲೇ ನಕ್ಕರು.

ಮೊದಲು ಮಾತಾಡಿದವಳು ದುರುಗವ್ವ.

"ಸಸಿ ಭಾಳ ದಟ್ಟ ಹಚ್ಚಾಕತ್ಯಾರ. ಹಿಂಗ ಹಚ್ಚಿದ್ರ ನಮ್ಮ ಕ್ಯಾಂಪಿನ ಗದ್ದಿ ಮಾಲಕ ರೆಡ್ಡಿ ಕಿತ್ತ ಮತ್ತ ಹಚ್ಚಸ್ತಾನ."

"ಇಲ್ಲ ಬಿಡ, ಸಾಲ ನೋಡ ಹೆಂಗ ನೆಟ್ಟಗ ಐತಿ," ಎಂದಳು ಮತ್ತೊಬ್ಬಳು. "ಟೋಪಿ ಛಲೋ ಅದಾವ. ನಮಗೂ ಬೇಕಿದ್ವು."

"ಅಕಿ ಏನಂದು ನಗಿಸಿದಳು?"

"ಇನ್ನೇನ ಅಂತಾಳ, ಅತ್ತಿ ಮಾತ ಆಡಿರಬೇಕು."

ಡಿಶ್ಶಿನ ಹಿಂದಿನಿಂದ ಮುಬಾಶಿರಾ ಕೇಳಿದಳು, "ಬಂತೇನ್ರಿ ಅಮ್ಮಿ?" ಚಿತ್ರ ತಂದವಳೊಬ್ಬಳೇ ಇನ್ನೂ ಚಿತ್ರ ನೋಡಿರಲಿಲ್ಲ. ನೂರಜಾನಬಿ ಎದ್ದು ಹೋಗಿ, ಎಣ್ಣೆಯಾಗಿದ್ದ ಅವಳ ಕೈ ಹಿಡಿದು ಕರೆತಂದು ಎಲ್ಲರ ಮುಂದೆ ಕೂಡಿಸಿದಳು. ಮುಬಾಶಿರಾ ಪರದೆ ನೋಡಿದಳು. ಮುಖದ ತುಂಬ ನಗು ಹರಡಿತು, ಕಣ್ಣು ತುಂಬಿತು. ದುರುಗವ್ವ ಸೆರಗಿನ ತುದಿಯಿಂದ ಅವಳ ಗಲ್ಲದ ಮೇಲಿದ್ದ ಮಸಿ ಒರೆಸಿ, "ನಮ್ಮ ಮನಿ ಟಿವಿಗೆ ಧ್ವನಿ ಬರ್ತೈತಿ, ಚಿತ್ರ ಬರವಲ್ಲದು. ನಾಳಿ ತರಲೇನ?" ಎಂದಳು.

ಜಿಲಾನಸಾಬ ಕುರ್ಚಿಯಿಂದ ಎದ್ದು ಬೇವಿನ ಕೆಳಗೆ ಹೋಗಿ ಫೋನು ಕಿವಿಗಿಟ್ಟ. ನೂರಜಾನಬಿ ಟಿವಿ ನೋಡುವವಳ ಹಾಗೆ ಕುಳಿತು ಕಿವಿ ಅತ್ತ ಕೊಟ್ಟಳು.

"ಇಲ್ಲಪಾ, ಅಂಗಡಿ ಖಾಲಿ ಇಲ್ಲ... ನಮ್ಮವರ ಕುಂದರ್ತಾರ. ಟಿವಿ ಮೆಕ್ಯಾನಿಕ್... ಹೌದು, ಹೆಣ್ಮಗಳು. ನಮ್ಮ ಹೆಣ್ಮಗಳು." ಆ ಕಡೆಯವನು ಏನೋ ಕೇಳಿರಬೇಕು. "ನಿಂದೂ ಏನರ ಕೆಟ್ಟಿದ್ರ ತಗೊಂಡ ಬಾ," ಎಂದು ಫೋನು ಇಟ್ಟ.

ಹಿಂತಿರುಗಿ ಬಂದು ಅವನು ಮುಬಾಶಿರಾಳ ಹತ್ತಿರ ನಿಂತ. "ಬೋರ್ಡ ಮ್ಯಾಲಿನ ಅಣ್ಣನ ಹೆಸರ ಅಳಸಬ್ಯಾಡವಾ."

"ಅಳಸೂದಿಲ್ಲ ಚಾಚಾ. ಅವರ ಹೆಸರ ಇದ್ರ ಸಾಕು."

"ಸಾಲೂದಿಲ್ಲ," ಎಂದಳು ನೂರಜಾನಬಿ, ಪರದೆಯಿಂದ ಕಣ್ಣು ತೆಗೆಯದೆ. "ಅದರ ಕೆಳಗ ಇಕಿ ಹೆಸರೂ ಬರಸಬೇಕು."

"ಬರಸೂಣು ಭಾಭಿ. ಎಷ್ಟ ದೊಡ್ಡ ಅಕ್ಷರ?"

ನೂರಜಾನಬಿ ಈಗ ಅವನತ್ತ ತಿರುಗಿದಳು.

"ಬಜಾರದಾಗ ಹಾಯ್ದ ಹೋಗೂ ಬಸ್ಸಿನ್ಯಾಗ ಕುಂತವರು," ಎಂದಳು, "ಬಸ್ಸ ನಿಲ್ಲಲಿಲ್ಲಂದ್ರೂ ಓದಬೇಕು."